ಮರುಭೂಮಿಯ ಧೂಳೂ ಉಪಗ್ರಹದ ಕಣ್ಣೂ

ಹಳಗನ್ನಡ ಕಾವ್ಯಗಳನ್ನು ತರಗತಿಯಲ್ಲಿ ಪಾಠ ಹೇಳಿದ ಉಪಾಧ್ಯಾಯರಿಗೆಲ್ಲ ಪರಿಚಿತವಾದ ಸಂಗತಿಯೊಂದುಂಟು. ಕವಿಯು ದಂಡಯಾತ್ರೆಯನ್ನು ವರ್ಣಿಸಲು ಹೊರಟನೆಂದರೆ ಧೂಳು ಏಳಲೇಬೇಕು, ಆನೆ ಕುದುರೆಗಳ ತುಳಿತಕ್ಕೆ ಎದ್ದ ಆ ಧೂಳು ಸೂರ್ಯನನ್ನು ಮುಚ್ಚಲೇಬೇಕು, ಹಗಲು ಇರುಳಾಗಲೇಬೇಕು. ಹುಡುಗರು ಇದನ್ನು ಕೇಳಿ ನಗುತ್ತಾರೆ. ನಾವೂ ಅತಿಶಯೋಕ್ತಿ ಎಂಬ ಅಲಂಕಾರದ ಹೆಸರು ಹೇಳಿ ಮುಂದಿನ ಪದ್ಯಕ್ಕೆ ಸಾಗುತ್ತೇವೆ. ಆದರೆ ಧೂಳು ಸೂರ್ಯನನ್ನು ಮಸುಕುಗೊಳಿಸುವುದು ಬರಿಯ ಕವಿಸಮಯವಲ್ಲ. 2012ರ ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ಅರಬಸ್ಥಾನದ ಕಡೆ ಎದ್ದ ಧೂಳಿನ ಬಿರುಗಾಳಿಯೊಂದು ಪಾಕಿಸ್ತಾನದ ತೀರವನ್ನು ಸವರಿಕೊಂಡು, ಅರಬೀ ಸಮುದ್ರವನ್ನು ದಾಟಿ, ಮುಂಬಯಿಯ ಆಕಾಶವನ್ನು ಮಬ್ಬುಗೊಳಿಸಿತು. 2022ರ ಜನವರಿ 23ರಂದು ಪಾಕಿಸ್ತಾನದ ದಿಕ್ಕಿನಿಂದ ಬಂದ ಧೂಳು ಮತ್ತೆ ಪಶ್ಚಿಮ ಮಹಾರಾಷ್ಟ್ರದ ಮೇಲೆ ಕವಿದಾಗ, ಮುಂಬಯಿಯ ಜನರು ಬೀದಿಯಲ್ಲಿ ನಿಲ್ಲಿಸಿದ್ದ ವಾಹನಗಳ ಮೇಲೆ ಬಿಳಿಯ ಹುಡಿಯನ್ನು ಕಂಡು ಬೆರಗಾದರು. ಈ ಹುಡಿ ಎಲ್ಲಿಯದು, ಯಾವ ದಾರಿಯಿಂದ ಬಂದಿತು ಎಂಬ ಪ್ರಶ್ನೆಗೆ ಆಗ ಉತ್ತರ ಹೇಳಿದುದು ಉಪಗ್ರಹ. ಆ ಉತ್ತರವು ದೊರೆಯುವಂತಾದ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಇದೊಂದು ವಿಚಿತ್ರ ಚರಿತ್ರೆ. ಧೂಳನ್ನು ಅಳೆಯಬೇಕೆಂದು ಹೊರಟವರಿಗಿಂತ, ಧೂಳಿನಿಂದಾಗಿ ತಮ್ಮ ಬೇರೆ ಯಾವುದೋ ಅಳತೆ ಕೆಟ್ಟುಹೋಯಿತೆಂದು ಗೊಣಗಿದವರೇ ಇದರಲ್ಲಿ ಹೆಚ್ಚು.

ಮೊದಲು ಅಳೆಯಲು ಹೊರಟ ಒಬ್ಬನ ಮಾತು. 1832ರ ಜನವರಿಯಲ್ಲಿ ‘ಬೀಗಲ್’ ಎಂಬ ಹಡಗು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳನ್ನು ಸಮೀಪಿಸುತ್ತಿದ್ದಾಗ, ಅದರಲ್ಲಿದ್ದ ತರುಣ ಚಾರ್ಲ್ಸ್ ಡಾರ್ವಿನನು ಹಡಗಿನ ಕೂವೆಕಂಬದ ತುದಿಯಲ್ಲಿದ್ದ ಗಾಳಿಪಟ್ಟಿಯ ತೆಳುಬಟ್ಟೆಯಲ್ಲಿ ಕಂದುಬಣ್ಣದ ನಯವಾದ ಹುಡಿ ಸಿಕ್ಕಿಕೊಂಡಿರುವುದನ್ನು ಕಂಡನು. ಸುತ್ತಲೂ ಸಮುದ್ರ, ಮಣ್ಣಿನ ಸುಳಿವಿಲ್ಲ. ಆತನು ಅದನ್ನು ಪೊಟ್ಟಣ ಕಟ್ಟಿ ಇಟ್ಟುಕೊಂಡನು. ಮುಂದೆ ಬೇರೆ ಹಡಗುಗಳ ಮೇಲೆ ಬಿದ್ದ ಹುಡಿಯನ್ನೂ ಸಂಪಾದಿಸಿದನು. ಬರ್ಲಿನ್ನಿನ ಎಹ್ರೆನ್‌ಬರ್ಗನೆಂಬ ವಿದ್ವಾಂಸನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳ ಸಿಲಿಕಾಮಯ ಚಿಪ್ಪುಗಳಿವೆಯೆಂದು ತಿಳಿಸಿದನು. 1846ರಲ್ಲಿ ಡಾರ್ವಿನನು ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳ ಮೇಲೆ ಬೀಳುವ ಧೂಳನ್ನು ಕುರಿತು ಒಂದು ಪ್ರಬಂಧವನ್ನೇ ಪ್ರಕಟಿಸಿದನು. ನೂರಿಪ್ಪತ್ತು ವರ್ಷಗಳ ತರುವಾಯ, 1960ರ ದಶಕದಲ್ಲಿ, ಸಾಗರದ ಆಚೆಯ ಬಾರ್ಬಡೋಸ್ ದ್ವೀಪದಲ್ಲಿ ವಿಜ್ಞಾನಿಗಳು ಗಾಳಿಗೆ ಎದುರಾಗಿ ನೈಲಾನ್ ಬಲೆಯನ್ನು ಕಟ್ಟಿ ಸಹಾರಾದ ಧೂಳನ್ನು ಹಿಡಿದರು. ಉಪಾಯ ಅದೇ, ಬಟ್ಟೆ ಮಾತ್ರ ಬೇರೆ. ಈ ಉಪಾಯಕ್ಕೆ ಒಂದು ದೊಡ್ಡ ಕುಂದಿದೆ. ಬಲೆ ಕಟ್ಟಿದ ಸ್ಥಳದಲ್ಲಿ ಬಿದ್ದ ಧೂಳು ಮಾತ್ರ ತಿಳಿಯುತ್ತದೆ. ಸಾವಿರಾರು ಮೈಲಿಗಳುದ್ದಕ್ಕೂ ಮೋಡದಂತೆ ತೇಲುವ ಧೂಳಿನ ಒಟ್ಟು ಮೊತ್ತ ತಿಳಿಯುವುದಿಲ್ಲ. ಪ್ರತಿವರ್ಷ ಸುಮಾರು 200 ಕೋಟಿ ಟನ್ ಧೂಳು ಭೂಮಿಯಿಂದ ವಾಯುಮಂಡಲಕ್ಕೆ ಏರುತ್ತದೆಯೆಂಬ ಇಂದಿನ ಅಂದಾಜು ಬಲೆಗಳಿಂದ ಬಂದುದಲ್ಲ.

ಹಾಗಾದರೆ ಮೇಲಿನಿಂದ ನೋಡಿದರಾಯಿತಲ್ಲ ಎಂದು ಯಾವ ಹುಡುಗನಾದರೂ ಕೇಳಿಯಾನು. ನೋಡಬಹುದು, ಆದರೆ ನಮ್ಮ ಕಣ್ಣಿನಂಥ ಕಣ್ಣು ಇಲ್ಲಿ ಸಾಲದು. ನೀಲಿ ಸಮುದ್ರದ ಮೇಲೆ ತೇಲುವ ಧೂಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಮರಳುಗಾಡಿನ ಮೇಲೆಯೇ ತೇಲುವಾಗಲಾದರೋ, ಹೊಳೆಯುವ ಮರಳಿನ ಮೇಲೆ ಹೊಳೆಯುವ ಮರಳು. ಜೋಳದ ರಾಶಿಯ ಮೇಲೆ ಒಂದು ಹಿಡಿ ಜೋಳ ಚೆಲ್ಲಿದಂತೆ. ಧೂಳು ಹುಟ್ಟುವ ಸ್ಥಳದಲ್ಲಿಯೇ ಅದು ಮರೆಯಾಗುತ್ತದೆ. ರಾತ್ರಿಯಂತೂ ಏನೂ ಇಲ್ಲ. ಆದುದರಿಂದ ಬೇರೊಂದು ಬಗೆಯ ಬೆಳಕು ಬೇಕಾಯಿತು.

ಆ ಬೆಳಕು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ರೊಟ್ಟಿ ಬಡಿಯುವ ತಾಯಿ ಹಂಚು ಕಾದಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುವುದಿಲ್ಲ. ಅಂಗೈಯನ್ನು ಹತ್ತಿರ ಹಿಡಿದು ತಿಳಿಯುತ್ತಾಳೆ. ಬಿಸಿಗಾಳಿ ಮೇಲಕ್ಕೆ ಏರುವುದರಿಂದ ಹಂಚಿನ ಮೇಲೆ ಹಿಡಿದ ಕೈಗೆ ತಾಗುವುದು ಗಾಳಿಯೆಂದು ವಾದಿಸಬಹುದು. ಆದರೆ ಪಕ್ಕಕ್ಕೆ ಹಿಡಿದ ಅಂಗೈಗೂ ಕಾವು ತಾಗುತ್ತದಷ್ಟೆ. ಹಂಚು ಕಪ್ಪಗೆಯೇ ಇದೆ, ಹೊಳೆಯುತ್ತಿಲ್ಲ; ಆದರೂ ಅದರಿಂದ ಕಿರಣ ಹೊರಡುತ್ತಿದೆ. ಈ ಕಣ್ಣಿಗೆ ಕಾಣದ ಕಿರಣವನ್ನು 1800ರಲ್ಲಿ ವಿಲಿಯಂ ಹರ್ಷೆಲನು ಕಂಡುಹಿಡಿದನು. ಯುರೇನಸ್ ಗ್ರಹವನ್ನು ಕಂಡ ಕೀರ್ತಿ ಅವನಿಗೆ ಆಗಲೇ ಬಂದಿತ್ತು. ಸೂರ್ಯನನ್ನು ದೂರದರ್ಶಕದಿಂದ ನೋಡುವಾಗ ಕೆಲವು ಬಣ್ಣದ ಗಾಜುಗಳು ಹೆಚ್ಚು ಬಿಸಿಯನ್ನೂ ಕೆಲವು ಕಡಿಮೆ ಬಿಸಿಯನ್ನೂ ಒಳಬಿಡುವುದು ಅವನ ಅನುಭವಕ್ಕೆ ಬಂದಿತು. ಅವನು ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ಬೇರೆ ಬೇರೆ ಬಣ್ಣಗಳಲ್ಲಿ ಉಷ್ಣಮಾಪಕವನ್ನು ಇಟ್ಟನು. ಕೆಂಪಿನ ಆಚೆ, ಯಾವ ಬಣ್ಣವೂ ಇಲ್ಲದ ಸ್ಥಳದಲ್ಲಿ ಇಟ್ಟ ಮಾಪಕದ ಪಾದರಸವು ಎಲ್ಲಕ್ಕಿಂತ ಹೆಚ್ಚು ಏರಿತು. ಇದೇ ಅವಕೆಂಪು, ಇಂದಿನ ಬಳಕೆಯ ಮಾತಿನಲ್ಲಿ ಇನ್‌ಫ್ರಾರೆಡ್. ಬಿಸಿ ಇರುವ ಪ್ರತಿಯೊಂದು ವಸ್ತುವೂ, ನಮ್ಮ ದೇಹವೂ, ಹೊಲದ ಮಣ್ಣೂ, ಮೋಡವೂ, ಹಗಲಿರುಳೆನ್ನದೆ ಇದನ್ನು ಸೂಸುತ್ತಲೇ ಇರುತ್ತದೆ. ಬೇಸಿಗೆಯ ನೆಲವು ಸೂಸುವ ಕಿರಣಗಳಲ್ಲಿ ಪ್ರಬಲವಾದುದರ ಅಲೆಯುದ್ದ ಸುಮಾರು 10 ಮೈಕ್ರಾನ್, ಎಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ. ದೈವವಶಾತ್ ವಾಯುಮಂಡಲದ ಅನಿಲಗಳು 8ರಿಂದ 12 ಮೈಕ್ರಾನ್ ವರೆಗಿನ ಕಿರಣಗಳನ್ನು ಹೆಚ್ಚಾಗಿ ತಡೆಯುವುದಿಲ್ಲ. ವಿಜ್ಞಾನಿಗಳು ಇದನ್ನು ಕಿಟಕಿ ಎಂದೇ ಕರೆಯುತ್ತಾರೆ. ಭೂಮಿಯ ಕಾವು ಈ ಕಿಟಕಿಯಿಂದ ಹೊರಕ್ಕೆ ಹೋಗುತ್ತದೆ. ಆಚೆ ನಿಂತ ಉಪಗ್ರಹವು ಅಂಗೈ ಚಾಚಿ ಅದನ್ನು ಮುಟ್ಟುತ್ತದೆ.

ಅಮೆರಿಕದವರು 1960ರ ಏಪ್ರಿಲ್ 1ರಂದು ಹಾರಿಸಿದ ಟೈರೋಸ್ ಎಂಬ ಮೊದಲ ಹವಾಮಾನ ಉಪಗ್ರಹದಲ್ಲಿ ಇದ್ದುದು ಕಣ್ಣಿಗೆ ಕಾಣುವ ಬೆಳಕಿನ ಕ್ಯಾಮೆರಾ. ಅದೇ ವರ್ಷದ ಎರಡನೆಯ ಟೈರೋಸಿನಲ್ಲಿ ಅವಕೆಂಪಿನ ಉಪಕರಣವನ್ನೂ ಇಟ್ಟರು. 1964ರ ನಿಂಬಸ್ ಉಪಗ್ರಹವು ರಾತ್ರಿಯ ಮೋಡಗಳ ಚಿತ್ರ ತೆಗೆಯಿತು. ಮುಂದೆ 1969ರಲ್ಲಿಯೂ 1970ರಲ್ಲಿಯೂ ಹಾರಿದ ನಿಂಬಸ್‌ಗಳಲ್ಲಿ ರುಡಾಲ್ಫ್ ಹ್ಯಾನೆಲನ ತಂಡವು ಮಾಡಿದ ಉಪಕರಣವೊಂದಿದ್ದಿತು. ಅದು ಭೂಮಿಯ ಕಾವಿನ ಕಿರಣಗಳನ್ನು ಅಲೆಯುದ್ದಕ್ಕೆ ಅನುಸಾರವಾಗಿ ಬಿಡಿಬಿಡಿಯಾಗಿ ಒಡೆದು ತೋರಿಸುತ್ತಿತ್ತು. ಹರ್ಷೆಲನ ಪಟ್ಟಕವೇ ಆಕಾಶಕ್ಕೆ ಏರಿದಂತಾಯಿತು. ಇವರೆಲ್ಲರ ಉದ್ದೇಶ ಮೋಡ, ಉಷ್ಣತೆ, ನೀರಾವಿ ಇವುಗಳನ್ನು ಅಳೆಯುವುದು. ಧೂಳಿನ ಹಂಬಲ ಯಾರಿಗೂ ಇರಲಿಲ್ಲ.

ಧೂಳು ತನ್ನ ಗುರುತನ್ನು ತಾನೇ ಘನವಾಗಿ ಹೇಳಿಕೊಂಡುದು ಭೂಮಿಯಲ್ಲಿ ಅಲ್ಲ, ಮಂಗಳನಲ್ಲಿ. ಈ ಪ್ರಸಂಗವು ನನಗೆ ಬಹಳ ಪ್ರಿಯವಾದುದರಿಂದ ತುಸು ಬೆಳೆಸಿ ಹೇಳುತ್ತೇನೆ. 1971ರ ನವೆಂಬರ್ ಮಧ್ಯದಲ್ಲಿ ಮ್ಯಾರಿನರ್-9 ಎಂಬ ನೌಕೆ ಮಂಗಳನನ್ನು ಸುತ್ತತೊಡಗಿತು. ಭೂಮಿಯನ್ನು ಬಿಟ್ಟು ಬೇರೊಂದು ಗ್ರಹವನ್ನು ಸುತ್ತಿದ ಮೊದಲ ನೌಕೆ ಅದೇ. ಗ್ರಹದ ನೆಲದ ನಕಾಶೆಯನ್ನು ತೆಗೆಯಬೇಕೆಂದು ಎಷ್ಟೋ ವರ್ಷಗಳಿಂದ ಸಿದ್ಧತೆ ನಡೆದಿತ್ತು. ನೌಕೆ ಹೋಗಿ ತಲುಪುವ ಹೊತ್ತಿಗೆ ಸೆಪ್ಟೆಂಬರಿನಲ್ಲಿ ಎದ್ದ ಬಿರುಗಾಳಿಯು ಗ್ರಹವನ್ನೆಲ್ಲ ಧೂಳಿನಿಂದ ಮುಚ್ಚಿಬಿಟ್ಟಿತ್ತು! ಚಿತ್ರಗಳಲ್ಲಿ ಏನೂ ಇಲ್ಲ. ಮಸುಕಿನ ನಡುವೆ ನಾಲ್ಕು ಕಪ್ಪು ಚುಕ್ಕೆಗಳು ಮಾತ್ರ. ಅವು ಧೂಳಿನಿಂದ ಮೇಲಕ್ಕೆ ತಲೆಯೆತ್ತಿದ್ದ ಅಗ್ನಿಪರ್ವತಗಳ ಶಿಖರಗಳೆಂಬುದು ಆಮೇಲೆ ತಿಳಿಯಿತು. ಅದೇ ಕಾಲಕ್ಕೆ ತಲುಪಿದ ರಷ್ಯದ ಎರಡು ನೌಕೆಗಳಿಗೂ ಇದೇ ಗತಿ. ಮ್ಯಾರಿನರನು ಕಾಯಬಲ್ಲವನಾಗಿದ್ದನು, ಕಾದನು. ಆದರೆ ಕಾಯುವ ಆ ವಾರಗಳಲ್ಲಿ ನೌಕೆಯಲ್ಲಿದ್ದ ಹ್ಯಾನೆಲನ ಅವಕೆಂಪಿನ ಉಪಕರಣವು ಸುಮ್ಮನಿರಲಿಲ್ಲ. ಅದರ ರೇಖೆಯಲ್ಲಿ 9 ಮೈಕ್ರಾನಿನ ಆಸುಪಾಸಿನಲ್ಲಿಯೂ 20 ಮೈಕ್ರಾನಿನ ಆಸುಪಾಸಿನಲ್ಲಿಯೂ ಅಗಲವಾದ ಎರಡು ತಗ್ಗುಗಳು ಕಂಡುವು. ಸಿಲಿಕಾನ್ ಮತ್ತು ಆಮ್ಲಜನಕಗಳ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡು ಕಂಪಿಸುವಾಗ ಈ ಅಲೆಯುದ್ದದ ಕಿರಣಗಳನ್ನು ನುಂಗುತ್ತವೆ. ಎಂದರೆ ಆ ಧೂಳು ಸಿಲಿಕಾದಿಂದ ಕೂಡಿದ ಕಲ್ಲಿನ ಹುಡಿ. ಅದರಲ್ಲಿ ಸಿಲಿಕಾದ ಪ್ರಮಾಣ ಶೇಕಡಾ 60ರ ಸುಮಾರು ಇರಬಹುದೆಂದು ಲೆಕ್ಕ ಹಾಕಿದರು. ಕ್ಯಾಮೆರಾದವರಿಗೆ ಶಾಪವಾದುದು ಇವರಿಗೆ ವರವಾಯಿತು. ಯಾರೂ ಮುಟ್ಟದ ಮಣ್ಣಿನ ಜಾತಿಯನ್ನು, ಅದು ಗಾಳಿಯಲ್ಲಿ ಹಾರುತ್ತಿರುವಾಗಲೇ, ದೂರದಿಂದ ಹೇಳಿದಂತಾಯಿತು.

ಭೂಮಿಯ ಮೇಲೂ ಇದೇ ರೀತಿ ಸಾಧ್ಯವೆಂದು ತೋರಿಸುವ ಕೆಲಸ ಬೇಗನೆ ಪ್ರಾರಂಭವಾಯಿತು. 1974ರಲ್ಲಿ ಶೆಂಕ್ ಮತ್ತು ಕರ್ರನ್ ಎಂಬಿಬ್ಬರು ನಿಂಬಸ್ ಉಪಗ್ರಹದ ಬೆಳಕಿನ ಅಳತೆಯನ್ನೂ ಕಾವಿನ ಅಳತೆಯನ್ನೂ ಜೋಡಿಸಿ ನೆಲದ ಮೇಲೂ ನೀರಿನ ಮೇಲೂ ಧೂಳಿನ ಬಿರುಗಾಳಿಯನ್ನು ಗುರುತಿಸಿದರು. ನಡುಹಗಲಿನ ಮರಳುಗಾಡು ಕಾದ ಹಂಚಿನಂತೆ ಇರುತ್ತದೆ. ಅದರ ಮೇಲೆ ತಂಪಾದ ಎತ್ತರದಲ್ಲಿ ಧೂಳು ತೇಲಿದರೆ, ಹಂಚಿನ ಮೇಲೆ ಬಟ್ಟೆ ಹಿಡಿದಂತೆ ಉಪಗ್ರಹಕ್ಕೆ ತಲುಪುವ ಕಾವು ಕಡಿಮೆಯಾಗುತ್ತದೆ. ಈ ಕಡಿಮೆಯಾದುದನ್ನೇ ಅಳತೆಗೋಲಾಗಿ ಮಾಡಿದವನು ಫ್ರಾನ್ಸಿನ ಲೀಲ್ ಪಟ್ಟಣದ ಮಿಶೆಲ್ ಲೆಗ್ರಾಂ. ಯುರೋಪಿನ ಮೀಟಿಯೋಸ್ಯಾಟ್ ಉಪಗ್ರಹವು 1977ರಿಂದ ಆಫ್ರಿಕದ ಮೇಲೆ ಕಣ್ಣಿಟ್ಟು ಒಂದೇ ಸ್ಥಾನದಲ್ಲಿ ನಿಂತಿತ್ತು. ಲೆಗ್ರಾಂ ಮತ್ತು ಅವನ ಸಂಗಡಿಗರ ಯುಕ್ತಿ ನಮ್ಮ ನಾಲ್ಕನೆಯ ಇಯತ್ತೆಯ ಹುಡುಗನಿಗೂ ತಿಳಿಯುವಂಥದು: ಎರಡು ಮೂರು ವಾರಗಳ ನಡುಹಗಲಿನ ಚಿತ್ರಗಳನ್ನು ಕೂಡಿಡಬೇಕು, ಒಂದೊಂದು ಸ್ಥಳಕ್ಕೂ ಆ ಅವಧಿಯಲ್ಲಿ ಕಂಡ ಅತಿ ಹೆಚ್ಚಿನ ಕಾವನ್ನು ಆರಿಸಬೇಕು, ಅಂದು ಆ ಸ್ಥಳದ ಮೇಲೆ ಧೂಳಾಗಲಿ ಮೋಡವಾಗಲಿ ಇರಲಿಲ್ಲವೆಂದು ಇಟ್ಟುಕೊಳ್ಳಬೇಕು. ಹೀಗೆ ಸಿದ್ಧವಾದ ಶುಭ್ರಚಿತ್ರದಿಂದ ಇಂದಿನ ಚಿತ್ರವನ್ನು ಕಳೆಯಬೇಕು. ಮೋಡವಿರುವ ಸ್ಥಳಗಳನ್ನು ಬೇರೆ ಪರೀಕ್ಷೆಯಿಂದ ತೆಗೆದುಹಾಕಬೇಕು. ಉಳಿದ ಶೇಷವೇ ಧೂಳು. ಕಳೆಯುವ ಲೆಕ್ಕದಿಂದ ಇಷ್ಟು ದೊಡ್ಡ ಕೆಲಸವಾದುದು ನನಗೆ ಇನ್ನೂ ಸೋಜಿಗ.

ಇದೇ ಕಳೆಯುವ ಲೆಕ್ಕವನ್ನು ನಮ್ಮ ನಾಡಿನ ಆಕಾಶಕ್ಕೆ ಹಚ್ಚಿದವರು ಬೆಂಗಳೂರಿನವರು. 1998ರಲ್ಲಿ ಹಿಂದೂ ಮಹಾಸಾಗರದ ವಾಯುಮಂಡಲವನ್ನು ಪರೀಕ್ಷಿಸುವ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗಕ್ಕಾಗಿ ಮೀಟಿಯೋಸ್ಯಾಟ್-5 ಉಪಗ್ರಹವನ್ನು ಪೂರ್ವಕ್ಕೆ ಸರಿಸಿ 63 ಡಿಗ್ರಿ ರೇಖಾಂಶದ ಮೇಲೆ ನಿಲ್ಲಿಸಿದರು. ಆಗ ಅರಬಸ್ಥಾನ, ಆಫ್ಘಾನಿಸ್ತಾನ, ಥಾರ್ ಮರುಭೂಮಿ, ನಮ್ಮ ದಖ್ಖನ್ ಎಲ್ಲವೂ ಒಂದೇ ನೋಟಕ್ಕೆ ಬಂದುವು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದೀಪ್‌ಶಿಖಾ, ಎಸ್. ಕೆ. ಸತೀಶ್, ಜೆ. ಶ್ರೀನಿವಾಸನ್ ಇವರು ಆ ಉಪಗ್ರಹದ ಅವಕೆಂಪಿನ ಚಿತ್ರಗಳಿಗೆ ಲೆಗ್ರಾಂ ಪದ್ಧತಿಯನ್ನು ಅನ್ವಯಿಸಿ, ಭಾರತ ಮತ್ತು ನೆರೆಯ ಭೂಭಾಗಗಳ ಮೇಲಿನ ಧೂಳಿನ ಮೂಲಗಳನ್ನೂ ಅದರ ಹರಹನ್ನೂ, ಗಾಳಿಯ ವೇಗಕ್ಕೂ ಧೂಳಿಗೂ ಇರುವ ಸಂಬಂಧವನ್ನೂ ಲೆಕ್ಕ ಹಾಕಿ 2006ರಲ್ಲಿ ಎರಡು ಭಾಗಗಳ ಪ್ರಬಂಧವಾಗಿ ಪ್ರಕಟಿಸಿದರು. ಆಫ್ರಿಕದ ಧೂಳಿನ ಮೇಲೆ ಜಗತ್ತು ಬರೆದುದು ಬೆಟ್ಟದಷ್ಟು. ನಮ್ಮ ಧೂಳಿನ ಮೇಲೆ ಬರೆದುದು ಆಗ ಸಾಸಿವೆಯಷ್ಟು. ಆದುದರಿಂದ ಈ ಕೆಲಸವನ್ನು ಹೆಸರು ಹೇಳಿ ಸ್ಮರಿಸಬೇಕು.

ಕಳೆಯುವ ಪದ್ಧತಿಗೆ ಒಂದು ತೊಡಕಿತ್ತು. ಶುಭ್ರಚಿತ್ರಕ್ಕಾಗಿ ವಾರಗಟ್ಟಲೆ ಕಾಯಬೇಕು. ಸಮುದ್ರದ ಮೇಲೆ ಅದು ಅಷ್ಟಾಗಿ ನಡೆಯುವುದಿಲ್ಲ, ಏಕೆಂದರೆ ಸಮುದ್ರದ ನೀರು ಹಂಚಿನಂತೆ ಕಾಯುವುದಿಲ್ಲ. ಎರಡನೆಯ ದಾರಿ ತೆರೆದುದು ಮತ್ತೆ ತಪ್ಪಿನಿಂದಲೇ. 1981ರಿಂದ ನೋವಾ ಎಂಬ ಸರಣಿಯ ಉಪಗ್ರಹಗಳಲ್ಲಿ ಕಿಟಕಿಯ ಕಿರಣಗಳನ್ನು 11 ಮೈಕ್ರಾನ್ ಮತ್ತು 12 ಮೈಕ್ರಾನ್ ಎಂದು ಎರಡು ಪಾಲು ಮಾಡಿ ಅಳೆಯತೊಡಗಿದರು. ಉದ್ದೇಶ ಸಮುದ್ರದ ಮೇಲ್ಮೈಯ ಉಷ್ಣತೆಯನ್ನು ತಿಳಿಯುವುದು: ನೀರಾವಿಯು 12ರಲ್ಲಿ ಹೆಚ್ಚು ತಡೆಯುತ್ತದೆ, 11ರಲ್ಲಿ ಕಡಿಮೆ, ಎರಡರ ಅಂತರದಿಂದ ನೀರಾವಿಯ ಪಾಲನ್ನು ತಿದ್ದಿಕೊಳ್ಳಬಹುದು. ಆದರೆ ಧೂಳು ಬೀಸುವ ಕಡಲುಗಳ ಮೇಲೆ ಈ ತಿದ್ದುಪಡಿ ತಪ್ಪುತ್ತಿತ್ತು. ಸಮುದ್ರವು ಇರುವುದಕ್ಕಿಂತ ತಂಪಾಗಿ ಕಾಣುತ್ತಿತ್ತು. ಇತ್ತ ಅಗ್ನಿಪರ್ವತಗಳ ಬೂದಿಯು ವಿಮಾನಗಳಿಗೆ ಗಂಡಾಂತರವಾಗಿ ಪರಿಣಮಿಸಿತ್ತು. 1982ರ ಜೂನ್ 24ರ ರಾತ್ರಿ ಇಂಡೋನೇಷ್ಯದ ಗಲುಂಗುಂಗ್ ಪರ್ವತದ ಬೂದಿಯೊಳಗೆ ಹೊಕ್ಕ ವಿಮಾನವೊಂದರ ನಾಲ್ಕು ಎಂಜಿನುಗಳೂ ನಿಂತುಹೋಗಿ, ಬಹಳ ಕೆಳಗೆ ಜಾರಿದ ಮೇಲೆ ಮತ್ತೆ ಚಾಲೂ ಆಗಿ, ಎಲ್ಲರ ಜೀವವೂ ಉಳಿಯಿತು. ಆ ಬೂದಿಯನ್ನು ಮೋಡದಿಂದ ಬೇರೆಯಾಗಿ ಗುರುತಿಸುವುದು ಹೇಗೆ? ಆಸ್ಟ್ರೇಲಿಯದ ಫ್ರೆಡ್ ಪ್ರಾಟಾ 1989ರಲ್ಲಿ ಉತ್ತರ ಕೊಟ್ಟನು. ಬೂದಿಯಲ್ಲಿ ಅಂತರದ ಚಿಹ್ನೆಯೇ ತಿರುಗುಮುರುಗಾಗುತ್ತದೆ! ಅಮೆರಿಕದ ಸ್ಟೀವನ್ ಆಕರ್‌ಮನ್ ಅದೇ ವರ್ಷಗಳಲ್ಲಿ ಮರುಭೂಮಿಯ ಧೂಳನ್ನು ಅವಕೆಂಪಿನ ಬೇರೆ ಬೇರೆ ಅಲೆಯುದ್ದಗಳ ಅಂತರಗಳಿಂದ ಬೆನ್ನಟ್ಟಿ, 1997ರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಪ್ರತಿಪಾದಿಸಿದನು.

ಈ ತಿರುಗುಮುರುಗನ್ನು ಫಲಕದ ಮೇಲೆ ಬರೆದು ತೋರಿಸುವ ಗುರುಗಳಿಗಾಗಿ ಒಂದು ಕಲ್ಪಿತ ಲೆಕ್ಕ. ನೆಲದ ಉಷ್ಣತೆ 40 ಡಿಗ್ರಿ ಇರಲಿ. ಎತ್ತರದಲ್ಲಿರುವ ಪದರದ ಉಷ್ಣತೆ 10 ಡಿಗ್ರಿ ಇರಲಿ. ಆ ಪದರ ಧೂಳಿನದಾದರೆ ಅದು 11 ಮೈಕ್ರಾನಿನ ಕಿರಣಗಳಲ್ಲಿ ಹತ್ತರಲ್ಲಿ ಮೂರು ಪಾಲನ್ನೂ 12 ಮೈಕ್ರಾನಿನವುಗಳಲ್ಲಿ ಎರಡು ಪಾಲನ್ನೂ ತಡೆಯಿತೆನ್ನೋಣ. ತಡೆದಷ್ಟಕ್ಕೂ ಬದಲಾಗಿ ತನ್ನ ತಂಪು ಕಿರಣವನ್ನು ಮೇಲಕ್ಕೆ ಕಳುಹಿಸುತ್ತದೆ. ಆಗ ಉಪಗ್ರಹಕ್ಕೆ 11ರಲ್ಲಿ 31 ಡಿಗ್ರಿ, 12ರಲ್ಲಿ 34 ಡಿಗ್ರಿ ಕಾಣುತ್ತದೆ. ಹನ್ನೊಂದರಿಂದ ಹನ್ನೆರಡನ್ನು ಕಳೆದರೆ ಋಣ 3. ಪದರವು ತೆಳುವಾದ ಮಂಜುಮೋಡದ್ದಾದರೆ ತಡೆಯುವ ಪಾಲುಗಳು ಅದಲುಬದಲು. ಶೇಷ ಧನ 3. ನಿಜವಾದ ಗಣಿತ ಇಷ್ಟು ಸರಳವಲ್ಲ, ಅಂತರಗಳೂ ಅನೇಕ ವೇಳೆ ಇದಕ್ಕಿಂತ ಚಿಕ್ಕವು. ಆದರೂ ಮೂಲತತ್ತ್ವ ಇಷ್ಟೆ: ಮೋಡಕ್ಕೆ ಧನ, ಧೂಳಿಗೆ ಋಣ. ಬೀಜಗಣಿತದ ಋಣಚಿಹ್ನೆಯಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗೆ ಹೇಳಲು ಇದೊಂದು ಉತ್ತರ.

ಈ ಎರಡು ಪಾಲಿನ ಕಿಟಕಿ ಭಾರತದ ಉಪಗ್ರಹಗಳಿಗೆ ದೊರೆತುದು ತಡವಾಗಿ. 1983ರ ಇನ್ಸಾಟ್-1ಬಿ ಉಪಗ್ರಹದಲ್ಲಿ ಕಾವಿನ ಕಣ್ಣು ಒಂದೇ. 2002ರಲ್ಲಿ ಹಾರಿ ಆಮೇಲೆ ಕಲ್ಪನಾ ಚಾವ್ಲಾ ಅವರ ಸ್ಮರಣಾರ್ಥ ಕಲ್ಪನಾ-1 ಎಂದು ಹೆಸರಾದ ಉಪಗ್ರಹದಲ್ಲಿಯೂ ಒಂದೇ. 2013ರ ಜುಲೈ 26ರಂದು ಹಾರಿದ ಇನ್ಸಾಟ್-3ಡಿ ಉಪಗ್ರಹದಲ್ಲಿ 11ರ ಸುಮಾರಿನದೊಂದು, 12ರ ಸುಮಾರಿನದೊಂದು ಹೀಗೆ ಎರಡು ಕಣ್ಣುಗಳು ಬಂದುವು. 2016ರ 3ಡಿಆರ್, 2024ರ ಫೆಬ್ರುವರಿಯ 3ಡಿಎಸ್ ಇವುಗಳಲ್ಲಿಯೂ ಹಾಗೆಯೇ. ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು 1975ರ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿಸಿದಂದಿನಿಂದ ನಮ್ಮ ದೇಶದ ಉಪಗ್ರಹಗಳ ತೊಟ್ಟಿಲು ಕನ್ನಡ ನಾಡಿನಲ್ಲಿಯೇ ತೂಗುತ್ತಿದೆ. ಹಾರಿದ ಇನ್ಸಾಟುಗಳ ಲಗಾಮು ಹಿಡಿಯುವ ನಿಯಂತ್ರಣ ಕೇಂದ್ರವು ಹಾಸನದಲ್ಲಿದೆ. ಗಡಿಯ ಈಚೆಗಿರುವ ನಮಗೆ ಇನ್ನೊಂದು ಸ್ವಾರಸ್ಯ. ಇನ್ಸಾಟ್-3ಡಿಆರ್ ಉಪಗ್ರಹವನ್ನು ನೆಲೆಗೊಳಿಸಿದುದು ಪೂರ್ವ ರೇಖಾಂಶ 74 ಡಿಗ್ರಿಯ ಮೇಲೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ರೇಖಾಂಶವೂ 74 ಡಿಗ್ರಿ ಚಿಲ್ಲರೆಯೇ. ಶಾಲೆಯ ಅಂಗಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತು ನೆತ್ತಿಯಿಂದ ತುಸು ಕೆಳಗೆ ಬೆರಳು ತೋರಿಸಿದರೆ, 36 ಸಾವಿರ ಕಿಲೋಮೀಟರ್ ಎತ್ತರದ ಆ ಸ್ಥಾನದತ್ತ ತೋರಿಸಿದಂತಾಗುತ್ತದೆ.

ಯುರೋಪಿನವರು 2002ರಲ್ಲಿ ಹಾರಿಸಿದ ಹೊಸ ಮೀಟಿಯೋಸ್ಯಾಟಿನಲ್ಲಿ ಕಣ್ಣುಗಳು ಹನ್ನೆರಡು, ಕಾಲುಗಂಟೆಗೊಂದು ಚಿತ್ರ. ಅದರ ಮೂರು ಅವಕೆಂಪಿನ ಕಣ್ಣುಗಳ ಅಂತರಗಳಿಗೆ ಕೃತಕವಾಗಿ ಬಣ್ಣ ಕೊಟ್ಟು ಕೂಡಿಸಿದರೆ ಧೂಳು ಗುಲಾಬಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ಚೈತ್ರದ ಹುಣ್ಣಿವೆಯಲ್ಲಿ ಜೋತಿಬಾ ಗುಡ್ಡಕ್ಕೆ ಹೋದವರು ಆ ಚಿತ್ರವನ್ನು ನೋಡಿದರೆ ಅರಬಸ್ಥಾನದ ಮೇಲೆ ಯಾರೋ ಗುಲಾಲು ಎರಚಿದರೆಂದೇ ಭಾವಿಸಿಯಾರು. 2006ರಲ್ಲಿ ಹಾರಿದ ಐಯಾಸಿ ಎಂಬ ಉಪಕರಣವು ಅವಕೆಂಪನ್ನು 8461 ಪಾಲುಗಳಾಗಿ ಒಡೆದು, ಧೂಳಿನ ಪ್ರಮಾಣವನ್ನಷ್ಟೇ ಅಲ್ಲದೆ ಅದು ಸರಾಸರಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಹೇಳುತ್ತಿತ್ತು. ಇಷ್ಟೆಲ್ಲ ಶ್ರಮ ಏಕೆಂದು ಕೇಳುವವರಿಗೆ ಒಂದು ಮಾತು. 2014ರಲ್ಲಿ ವಿ. ವಿನೋಜ್ ಮತ್ತು ಸಂಗಡಿಗರು ತೋರಿಸಿದಂತೆ, ಪಶ್ಚಿಮ ಏಷ್ಯದ ಧೂಳು ಬಿಸಿಲನ್ನು ಹೀರಿ ಆ ಭಾಗದ ಗಾಳಿಯನ್ನು ಕಾಯಿಸಿದಾಗ ಅರಬೀ ಸಮುದ್ರದ ಮೇಲಿನ ತೇವದ ಗಾಳಿಯು ಭಾರತದತ್ತ ಬಲವಾಗಿ ಹರಿದು, ಸುಮಾರು ಒಂದು ವಾರದೊಳಗೆ ಮಧ್ಯಭಾರತದ ಮುಂಗಾರು ಮಳೆ ಹೆಚ್ಚುತ್ತದೆ. ಮುಂಗಾರನ್ನು ನೆಚ್ಚಿ ಬಾಳುವ ರೈತನಿಗೆ ಅರಬರ ಮರಳು ಸಂಬಂಧವಿಲ್ಲದ ವಸ್ತುವಲ್ಲ.

ಇಷ್ಟು ಹೇಳಿದ ಮೇಲೆ ಈ ಕಣ್ಣಿಗೆ ಕಾಣದುದನ್ನೂ ಹೇಳದಿದ್ದರೆ ಓದುಗರಿಗೆ ವಂಚನೆ ಮಾಡಿದಂತಾದೀತು. ಅವಕೆಂಪಿನ ಲೆಕ್ಕವೆಲ್ಲ ನಿಂತಿರುವುದು ನೆಲದ ಕಾವಿಗೂ ಧೂಳಿನ ಕಾವಿಗೂ ಇರುವ ಅಂತರದ ಮೇಲೆ. ಧೂಳು ನೆಲಕ್ಕೆ ಅಂಟಿಕೊಂಡಂತೆ ಇದ್ದರೆ ಎರಡರ ಉಷ್ಣತೆಯೂ ಒಂದೇ, ಶೇಷ ಸೊನ್ನೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಾವಿಯ ಧನಚಿಹ್ನೆಯು ಧೂಳಿನ ಋಣಚಿಹ್ನೆಯನ್ನು ಅಳಿಸಿಬಿಡುತ್ತದೆ. ಹತ್ತು ಮೈಕ್ರಾನಿನ ಅಲೆಗೆ ತಡೆಯೊಡ್ಡುವುದು ಒಂದು ಮೈಕ್ರಾನಿಗಿಂತ ದೊಡ್ಡ ಕಣ ಮಾತ್ರ. ಹೊಗೆಯ ಕಣ ಅದಕ್ಕಿಂತ ಸಣ್ಣದಾದುದರಿಂದ ಅವಕೆಂಪು ಅದನ್ನು ಲೆಕ್ಕಿಸದೆ ಹಾದುಹೋಗುತ್ತದೆ. ಆದುದರಿಂದ ಕಬ್ಬಿನ ಗದ್ದೆಯಲ್ಲಿ ರವದಿ ಸುಟ್ಟ ಹೊಗೆಯೂ ಆಲೆಮನೆಯ ಒಲೆಯ ಹೊಗೆಯೂ ಈ ಧೂಳಿನ ಚಿತ್ರದಲ್ಲಿ ಇಲ್ಲ. ಇಚಲಕರಂಜಿಯ ಯಂತ್ರಮಗ್ಗಗಳ ಮನೆಗಳಲ್ಲಿ ಹಗಲಿರುಳು ಹಾರುವ ಹತ್ತಿಯ ನವಿರು ಸೂರಿನಡಿಯಲ್ಲಿಯೇ ಉಳಿಯುತ್ತದೆ. ಕೊಲ್ಲಾಪುರದ ಶಿರೋಲಿ, ಗೋಕುಳ ಶಿರಗಾಂವಗಳ ಎರಕದ ಕಾರಖಾನೆಗಳ ವಿಷಯವಂತೂ ವಿಪರ್ಯಾಸವೇ ಸರಿ. ನಮ್ಮ ನೆಲ ದಖ್ಖನ್ನಿನ ಕರಿಕಲ್ಲಿನದು. ಅದರಲ್ಲಿ ಬೆಣಚುಕಲ್ಲಿನ ಅಂಶ ವಿರಳ. ಅಚ್ಚು ಮಾಡಲು ಬೇಕಾದ ಬಿಳಿಯ ಸಿಲಿಕಾ ಮರಳು ಸಿಂಧುದುರ್ಗದಂಥ ಕೊಂಕಣದ ಕಡೆಯಿಂದ ಘಟ್ಟ ಹತ್ತಿ ಬರುತ್ತದೆ. ಇದರ ನಯವಾದ ಹುಡಿಯನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಟ್ಟಿಯಾಗಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ತಂದೆಯರು ದುಡಿಯುವುದು ಈ ಮಗ್ಗಗಳಲ್ಲಿ, ಈ ಭಟ್ಟಿಗಳಲ್ಲಿ. ಎರಡು ಸಾವಿರ ಕಿಲೋಮೀಟರ್ ದೂರದ ಸಿಲಿಕಾವನ್ನು ಎಣಿಸುವ ಕಣ್ಣಿಗೆ ಅವರ ಮೂಗಿನ ಎದುರಿನ ಸಿಲಿಕಾ ಕಾಣಿಸುವುದಿಲ್ಲ. ಇದು ಉಪಗ್ರಹದ ಅಪರಾಧವಲ್ಲ. ಅದನ್ನು ಮಾಡಿದುದು ಬೇರೆ ಕೆಲಸಕ್ಕೆ. ಆದರೆ ಆಕಾಶದ ಚಿತ್ರ ಶುಭ್ರವಾಗಿದೆಯೆಂದು ಊರಿನ ಗಾಳಿಯೂ ಶುಭ್ರವೆಂದು ಯಾರಾದರೂ ಹೇಳಿದರೆ ಒಪ್ಪಬಾರದು.

ಆದುದರಿಂದಲೇ ನೆಲದ ಮೇಲಿನಿಂದ ಮೇಲಕ್ಕೆ ನೋಡಿ ಉಪಗ್ರಹದ ಲೆಕ್ಕವನ್ನು ಪರೀಕ್ಷಿಸುವವರೂ ಬೇಕಾಗುತ್ತಾರೆ. ಕಾನಪುರದಲ್ಲಿ 2001ರಿಂದಲೂ ಪುಣೆಯಲ್ಲಿ ಅದರ ಅನಂತರವೂ ಸೂರ್ಯನ ಬೆಳಕು ಎಷ್ಟು ಮಂಕಾಯಿತೆಂದು ಅಳೆಯುವ ಯಂತ್ರಗಳನ್ನು ಸ್ಥಾಪಿಸಿದ್ದಾರೆ. ಕೊಲ್ಲಾಪುರದಲ್ಲಿಯೂ ಸಂಜೆಗೆಂಪಿನ ಬೆಳಕನ್ನು ಅಳೆದು, ಮೇಲಿನ ಗಾಳಿಯಲ್ಲಿ ಯಾವ ಎತ್ತರದಲ್ಲಿ ಎಷ್ಟು ಧೂಳಿದೆಯೆಂದು ಅಭ್ಯಸಿಸಿದ ಕೆಲಸ ನಡೆದಿದೆ. ಶಾಲೆಯ ಮಕ್ಕಳಿಗೆ ಇಷ್ಟು ಸಲಕರಣೆ ಎಲ್ಲಿಂದ ಬರಬೇಕು? ಡಾರ್ವಿನನಿಗೂ ಇರಲಿಲ್ಲ. ಪಶ್ಚಿಮದಿಂದ ಧೂಳು ಬರುತ್ತಿದೆಯೆಂದು ವರ್ತಮಾನಪತ್ರದಲ್ಲಿ ಸುದ್ದಿ ಬಂದ ದಿನ ಶಾಲೆಯ ಮಾಳಿಗೆಯ ಮೇಲೆ ಒಂದು ಅಗಲವಾದ ಬಿಳಿಯ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಒಂದು ಹಗಲು ಒಂದು ರಾತ್ರಿ ಇಡಿರಿ; ಏನೂ ಸುದ್ದಿಯಿಲ್ಲದ ಇನ್ನೊಂದು ದಿನವೂ ಹಾಗೆಯೇ ಇಡಿರಿ. ನೀರು ಆರಿದ ಮೇಲೆ ಉಳಿದ ಹುಡಿಗಳನ್ನು ಬೇರೆ ಬೇರೆ ಬಿಳಿ ಕಾಗದದ ಮೇಲೆ ಕೆಡವಿ, ಕಾಗದದ ಅಡಿಯಲ್ಲಿ ಅಯಸ್ಕಾಂತವನ್ನು ಓಡಾಡಿಸಿರಿ. ಅಯಸ್ಕಾಂತದ ಹಿಂದೆ ಹಿಂದೆ ಓಡುವ ಕರಿಯ ಕಣಗಳು ಬಹುಮಟ್ಟಿಗೆ ನಮ್ಮ ಕರಿಕಲ್ಲಿನ ಮಣ್ಣಿನವು, ಇಲ್ಲವೇ ಭಟ್ಟಿಯ ಕಬ್ಬಿಣದವು. ಕದಲದೆ ಉಳಿದ ಹುಡಿಯಲ್ಲಿ ಮರುಭೂಮಿಯ ಪಾಲು ಇರಬಹುದು. ಕೊಂಕಣದ ಅಚ್ಚುಮರಳಿನ ಪಾಲೂ ಇರಬಹುದು. ಎರಡು ದಿನಗಳ ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ.